ಸೇವ್ ಆಗಿದೆ ಸ್ವಾಮಿ, ನಂಬಿ!

ಕಳೆದ ವಾರ ಕರೆಂಟು ಹೋಯಿತು. ಅದೇನೂ ಸುದ್ದಿಯಲ್ಲ ಬಿಡಿ. ಮೂರು ಗಂಟೆ ಕೂತು ಬರೆದ ನನ್ನ ಲೇಖನವೂ ಅದರ ಜೊತೆಗೇ ಹೋಯಿತು. ಹೋಗುವ ಅರೆಗಳಿಗೆ ಮುಂಚೆ ಸೇವ್ ಒತ್ತಿದ್ದೆ. ಕಂಪ್ಯೂಟರು 'ಆಯಿತು' ಎಂದಿತ್ತು. ಕರೆಂಟು ಬಂದ ಮೇಲೆ ನೋಡಿದರೆ ಫೈಲು ಇದೆ, ಹೆಸರಿದೆ, ಒಳಗೆ ಸೊನ್ನೆ ಬೈಟು.

ರಿಪೇರಿ ಹುಡುಗನನ್ನು ಕೇಳಿದೆ. "ಸೇವ್ ಆಗಿತ್ತು ಸಾರ್, ಡಿಸ್ಕಿಗೆ ಹೋಗಿರ್ಲಿಲ್ಲ ಅಷ್ಟೇ" ಅಂದ.

ಅಷ್ಟೇ!

ಅಲ್ಲಯ್ಯಾ, ಸೇವ್ ಆಗುವುದು ಅಂದರೆ ಡಿಸ್ಕಿಗೆ ಹೋಗುವುದಲ್ಲವೇ? ಅಲ್ಲವಂತೆ. ನಾವು ಬರೆದದ್ದು ಮೊದಲು ರ‍್ಯಾಮಿಗೆ ಹೋಗುತ್ತದಂತೆ. ರ‍್ಯಾಮಿನ ನೆಂಟಸ್ತಿಕೆ ಗೊತ್ತಲ್ಲ, ಕರೆಂಟು ಇರುವ ತನಕ ಮಾತ್ರ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನೇ ತೆಗೆದುಕೊಳ್ಳಿ. ಬಂದ ಮಾಲನ್ನು ಅದು 30 ಸೆಕೆಂಡು ರ‍್ಯಾಮಿನಲ್ಲೇ ಕೂರಿಸಿಕೊಳ್ಳಬಹುದು. ಐದೈದು ಸೆಕೆಂಡಿಗೊಮ್ಮೆ ಒಳಗಿನ ಜವಾನ ಎದ್ದು, ಅವಧಿ ತುಂಬಿದ ಕಡತಗಳನ್ನಷ್ಟೇ ಹೊತ್ತು ಡಿಸ್ಕಿನತ್ತ ಹೊರಡುತ್ತಾನೆ. ಮಿಕ್ಕವಕ್ಕೆ 'ನಾಳೆ ಬಾ'. ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ಹಾಗೆ ಬರೆದದ್ದು ದೆವ್ವವನ್ನು ಓಡಿಸುವುದಕ್ಕೆ. ಇಲ್ಲಿ ಓಡಿಸುತ್ತಿರುವುದು ನಮ್ಮ ಮೂರು ಗಂಟೆಯನ್ನು.

ತಡವಾಗುವುದಕ್ಕೆ ನನ್ನ ತಕರಾರಿಲ್ಲ. ರಸೀದಿ ಮೊದಲೇ ಹರಿದು ಕೊಡುತ್ತಾರಲ್ಲ, ಮೈ ಉರಿಯುವುದು ಅದಕ್ಕೆ.

ಯಾಕೆ ಹೀಗೆ ಅಂದರೆ ಒಂದೇ ಉತ್ತರ: ಸ್ಪೀಡು. ಸಣ್ಣ ಲೆಕ್ಕ ಹಾಕಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕು ಸೆಕೆಂಡಿಗೆ ತಿರುಗುವುದು 120 ಸುತ್ತು. ಒಂದು ನಮೂದು ತಟ್ಟೆಯ ಮೇಲೆ ಕೂತದ್ದು ಖಾತ್ರಿಯಾದ ಮೇಲೆಯೇ ಮುಂದಿನದು ಎಂದು ಒಂದರ ಹಿಂದೊಂದು ಬರೆಸಿದರೆ, ಸುಮಾರು 120ರ ಆಚೆಗೆ ಅದಕ್ಕೆ ಸಾಧ್ಯವೇ ಇಲ್ಲ. ಅಂಥ ಡಿಸ್ಕು ಸೆಕೆಂಡಿಗೆ ಐದು ಸಾವಿರ ಬರೆದೆ ಅಂದರೆ ಏನರ್ಥ? ತನ್ನ ಹೊಟ್ಟೆಯೊಳಗಿನ ಕ್ಯಾಶ್ ಎಂಬ ತಾತ್ಕಾಲಿಕ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಬಾಯಲ್ಲಿ 'ಆಯಿತು' ಅನ್ನುತ್ತಿದೆ. ಅದನ್ನೇ ಅಂಗಡಿಯವನು 'ಪರ್ಫಾರ್ಮೆನ್ಸ್' ಅನ್ನುತ್ತಾನೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಎಫ್‌ಸಿಂಕ್ ಎಂಬ ಆಜ್ಞೆಯಿದೆ. 'ಈಗಲೇ ಬರೆ, ಬರೆದ ಮೇಲೆ ಬಾಯಿ ಬಿಡು' ಎಂದು ಪ್ರೋಗ್ರಾಮು ಹಟ ಹಿಡಿಯುವ ಬಗೆ. ಆದರೆ ಆಪಲ್ ಕಂಪನಿಯ ಮ್ಯಾಕಿನಲ್ಲಿ ಇದೇ ಎಫ್‌ಸಿಂಕ್ ಮಾಲನ್ನು ಡ್ರೈವಿನ ಬಾಗಿಲಿಗೆ ಮುಟ್ಟಿಸಿ ಕೈತೊಳೆದುಕೊಳ್ಳುತ್ತದೆ. ಒಳಗೆ ಬರೆದರೋ ಇಲ್ಲವೋ ವಿಚಾರಿಸುವುದಿಲ್ಲ. ಹಾಗೆಂದು ಅವರ ಕೈಪಿಡಿಯೇ ಒಪ್ಪಿಕೊಂಡಿದೆ. ನಿಜವಾಗಿಯೂ ಬರೆಯಲೇಬೇಕಿದ್ದರೆ 'ಫುಲ್ ಎಫ್‌ಸಿಂಕ್' ಎಂಬ ಬೇರೆ ಆಜ್ಞೆ. ದೇವರಾಣೆ ಸಾಲದು, ತಾಯಾಣೆ ಬೇಕು.

ಇದಕ್ಕಿಂತ ಸೊಗಸಾದ ಕತೆ ಪೋಸ್ಟ್‌ಗ್ರೆಸ್ಸಿನದು. ಡೇಟಾಬೇಸುಗಳ ಪೈಕಿ ಇದು ಮಹಾ ಮಡಿವಂತ. ಎಫ್‌ಸಿಂಕ್ ಇಲ್ಲದೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ. 2018ರಲ್ಲಿ ಅದರ ಮಂದಿಗೆ ಒಂದು ಸತ್ಯ ತಿಳಿಯಿತು. ಡಿಸ್ಕಿಗೆ ಬರೆಯುವಾಗ ಏನಾದರೂ ಎಡವಟ್ಟಾದರೆ ಲಿನಕ್ಸ್ 'ಆಗಲಿಲ್ಲ' ಎಂದು ಒಮ್ಮೆ ಹೇಳುತ್ತದೆ. ಹೇಳಿದ ಮೇಲೆ, ರ‍್ಯಾಮಿನಲ್ಲಿ ಬರೆಯಲು ಕಾದಿದ್ದ ಪುಟಗಳಿಗೆ 'ಬರೆದಾಗಿದೆ' ಎಂದು ತಾನೇ ಗುರುತು ಹಾಕಿಬಿಡುತ್ತದೆ. ಸರಿ, ಇನ್ನೊಮ್ಮೆ ಪ್ರಯತ್ನಿಸಪ್ಪಾ ಎಂದು ಕೇಳಿದರೆ ನಗುನಗುತ್ತಾ 'ಎಲ್ಲಾ ಆಗಿದೆ' ಅನ್ನುತ್ತದೆ. ಆಗಿರುವುದು ಏನೂ ಇಲ್ಲ. ಅರ್ಜಿ ಕಳೆದುಹೋಗಿದೆ ಎಂದು ಬೆಳಗ್ಗೆ ಹೇಳಿದ ಗುಮಾಸ್ತ ಮಧ್ಯಾಹ್ನ 'ವಿಲೇವಾರಿಯಾಗಿದೆ' ಅಂದ ಹಾಗೆ.

ಎರಡನೇ ಸಲ ಕೇಳಿದರೆ ಎರಡನೇ ಸಲ ಬರೆಯುತ್ತಾರೆ ಎಂದು ಪೋಸ್ಟ್‌ಗ್ರೆಸ್ ಸುಮಾರು 20 ವರ್ಷ ನಂಬಿ ಕೂತಿತ್ತು. ಪಾಪ. 2019ರ ಫೆಬ್ರುವರಿಯಲ್ಲಿ ಪರಿಹಾರ ಬಂತು. ಈಗ ಎಫ್‌ಸಿಂಕ್ ಕೈಕೊಟ್ಟರೆ ಪೋಸ್ಟ್‌ಗ್ರೆಸ್ ಮರುಪ್ರಶ್ನೆ ಕೇಳುವುದಿಲ್ಲ. ಅಲ್ಲೇ ದೊಪ್ಪೆಂದು ಬೀಳುತ್ತದೆ. ಎದ್ದು, ತಾನೇ ಬರೆದಿಟ್ಟುಕೊಂಡ ಲಾಗ್ ಓದಿ, ಮೊದಲಿಂದ ಬರೆಯುತ್ತದೆ. ಯಾರ ಮಾತನ್ನೂ ನಂಬುವ ಹಾಗಿಲ್ಲದ ಮನೆಯಲ್ಲಿ ಮೂರ್ಛೆ ಹೋಗುವುದೇ ವಿವೇಕ.

ಮೊಂಗೋಡಿಬಿ ಎಂಬ ಇನ್ನೊಂದು ಡೇಟಾಬೇಸಿಗೆ ಈ ರಗಳೆಯೇ ಇರಲಿಲ್ಲ. 2012ರ ನವೆಂಬರ್‌ವರೆಗೆ, ನೀವಾಗಿ ಬೇರೆ ಹೇಳದಿದ್ದರೆ, ಅದರ ಡ್ರೈವರುಗಳು ಬರಹವನ್ನು ಸರ್ವರಿನತ್ತ ಎಸೆದು ಉತ್ತರಕ್ಕೂ ಕಾಯದೆ ಮುಂದೆ ಹೋಗುತ್ತಿದ್ದವು. ಕಾಗದ ಅಂಚೆ ಡಬ್ಬಿಗೆ ಬಿತ್ತೋ ಚರಂಡಿಗೆ ಬಿತ್ತೋ ತಿರುಗಿ ನೋಡದವನು ಬೇಗ ನಡೆಯುತ್ತಾನೆ, ಅದರಲ್ಲೇನು ಆಶ್ಚರ್ಯ?

ಈ ಇಡೀ ಸಂತೆಯಲ್ಲಿ ಪ್ರಾಮಾಣಿಕನೆಂದರೆ ಒಬ್ಬನೇ. 'ಲಿಬ್ ಈಟ್ ಮೈ ಡೇಟಾ' ಎಂಬ ಪುಟ್ಟ ತಂತ್ರಾಂಶ. ಎಫ್‌ಸಿಂಕ್ ಅಂದಾಗಲೆಲ್ಲ ಏನೂ ಮಾಡದೆ 'ಆಯಿತು' ಅನ್ನುವುದೇ ಅದರ ಕಸುಬು. ಹೋದರೂ ಚಿಂತೆಯಿಲ್ಲದ ಪರೀಕ್ಷೆಗಳನ್ನು ಬೇಗ ಮುಗಿಸಲು ಬಳಸುತ್ತಾರೆ. 'ನನ್ನ ಡೇಟಾ ತಿನ್ನು' ಎಂದು ಹೆಸರಲ್ಲೇ ಹೇಳಿದೆ. ಮಿಕ್ಕವರು ತಿನ್ನುತ್ತಾರೆ, ಹೆಸರಿಟ್ಟುಕೊಂಡಿಲ್ಲ.

ಸುಳ್ಳಿಲ್ಲದೆ ವೇಗ ಕೊಡಲು ಬರುವುದಿಲ್ಲವೇ? ಬರುತ್ತದೆ. ಸರ್ವರಿಗೆಂದು ಮಾಡುವ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಸಣ್ಣ ಕೆಪಾಸಿಟರುಗಳಿರುತ್ತವೆ. ಕರೆಂಟು ಹೋದರೂ ಕ್ಯಾಶಿನಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಉಸಿರು ಅವುಗಳಲ್ಲಿ ಉಳಿದಿರುತ್ತದೆ. ಆಗ 'ಆಯಿತು' ಅಂದರೆ ಆಯಿತು. ಮನೆಗೆ ಮಾರುವ ಬಹುಪಾಲು ಎಸ್‌ಎಸ್‌ಡಿಗಳಲ್ಲಿ ಅವಿಲ್ಲ. ದೊಡ್ಡವರ ಡೇಟಾಕ್ಕೆ ವಿಮೆ, ನಮ್ಮದಕ್ಕೆ ದೇವರು.

ನಾವೇನು ಕಡಿಮೆ? ಪೆನ್‌ಡ್ರೈವನ್ನು 'ಸೇಫ್ಲಿ ರಿಮೂವ್' ಒತ್ತಿಯೇ ತೆಗೆಯುವವರು ಕೈ ಎತ್ತಿ ನೋಡೋಣ. ಕೈ ಎತ್ತಿದವರೂ ಸುಳ್ಳು ಹೇಳುತ್ತಿದ್ದೀರಿ. ಮದುವೆ ಫೋಟೋ ಕಾಪಿಯಾಗುವುದು ಎರಡು ನಿಮಿಷ ತಡವಾದರೆ ಅಂಗಡಿಯವನ ಮೇಲೆ ಹರಿಹಾಯುತ್ತೇವೆ. ಅದೇ ಫೋಟೋ ಮನೆಯಲ್ಲಿ ತೆರೆಯದಿದ್ದರೆ ಅಂಗಡಿಗೇ ಬಂದು ಅಳುತ್ತೇವೆ.

ನಾನೂ ಹೊಸ ಎಸ್‌ಎಸ್‌ಡಿ ಕೇಳಲು ಹೋಗಿದ್ದೆ. "ಕರೆಂಟು ಹೋದ್ರೆ ಬರೆದದ್ದು ಉಳಿಯುತ್ತಾಪ್ಪಾ?" ಅಂದೆ. "ಸಖತ್ ಫಾಸ್ಟ್ ಇದೆ ಸಾರ್" ಅಂದ.

ಯುಪಿಎಸ್ ಕೊಂಡು ಬಂದೆ. ಕಂಪ್ಯೂಟರು ಹೇಳಿದ ಸುಳ್ಳು ನಿಜವಾಗುವ ತನಕ ಕರೆಂಟು ಹಿಡಿದು ನಿಲ್ಲುವ ಖರ್ಚು ನನ್ನದು.