ಕೊನೆಯ ಸರಣಿಯ ಸರಾಸರಿ ಪಟ್ಟಿಯವರಿಗೊಂದು ಬಹಿರಂಗ ಪತ್ರ

ಟೆಸ್ಟ್ ಸರಣಿ ಮುಗಿದ ಮರುದಿನ ಕ್ರೀಡಾಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದು ಕೂರುವ ಬ್ಯಾಟಿಂಗ್ ಮತ್ತು ಬೌಲಿಂಗ್ ಸರಾಸರಿ ಪಟ್ಟಿಯವರ ಸನ್ನಿಧಾನಕ್ಕೆ, ಸಾಷ್ಟಾಂಗ ನಮಸ್ಕಾರಗಳು.

ಪೂಜ್ಯರೇ,

ತಮ್ಮ ಹಿರಿತನವನ್ನೂ ನಿಷ್ಪಕ್ಷಪಾತವನ್ನೂ ಮೊದಲೇ ಒಪ್ಪಿಕೊಂಡು ಈ ಬಿನ್ನಹ ಬರೆಯುತ್ತಿದ್ದೇನೆ. ತಾವು ಯಾರ ಮುಖವನ್ನೂ ನೋಡುವವರಲ್ಲ. ಊರು, ಮನೆತನ, ವಶೀಲಿ ಯಾವುದೂ ತಮ್ಮನ್ನು ಅಲುಗಿಸುವುದಿಲ್ಲ. ಪಂದ್ಯ ನೋಡಲಾಗದ ಲಕ್ಷಾಂತರ ಜನಕ್ಕೆ ಪಂದ್ಯವನ್ನು ಮನೆಗೆ ಮುಟ್ಟಿಸಿದವರು ತಾವು. ಹುಡುಗರು ಭಾಗಾಕಾರ ಕಲಿತದ್ದು ಎಷ್ಟೋ ಸಲ ತಮ್ಮ ಕೃಪೆಯಿಂದಲೇ. ಇಷ್ಟು ಉಪಕಾರ ಮಾಡಿದವರ ಮೇಲೆ ದೂರು ಹೇಳಲು ಬಾಯಿ ಬರುವುದಿಲ್ಲ. ಆದರೂ ಹೇಳಲೇಬೇಕಾಗಿದೆ. ದೊಡ್ಡ ಆಟಗಾರರೊಬ್ಬರು ಕೊನೆಯ ಸರಣಿ ಆಡಿ ಹೊರಡುವ ಹೊತ್ತಿಗೆ, ಅವರ ಹದಿನೈದು ಇಪ್ಪತ್ತು ವರ್ಷಗಳ ಮುಂದೆ ತಾವು ಒಂದೇ ಸಾಲಾಗಿ ಬಂದು ನಿಲ್ಲುತ್ತೀರಿ. ಅವರನ್ನು ಕಳಿಸಬೇಕೆನ್ನುವವರೆಲ್ಲ ತಮ್ಮನ್ನೇ ಸಾಕ್ಷಿಗೆ ಕರೆಯುತ್ತಾರೆ. ತಾವು ಒಂದು ಸಲವೂ 'ಸ್ವಲ್ಪ ತಾಳಿ' ಅಂದದ್ದಿಲ್ಲ.

ಅಪ್ಪಣೆಯಾದರೆ 2011–12ರ ಆಸ್ಟ್ರೇಲಿಯಾ ಪ್ರವಾಸದಿಂದ ಶುರು ಮಾಡುತ್ತೇನೆ. ರಾಹುಲ್ ದ್ರಾವಿಡ್: ಎಂಟು ಇನಿಂಗ್ಸ್, 194 ರನ್, ಸರಾಸರಿ 24.25. ಭಾರತ 0–4ರಿಂದ ಸೋತ ಸರಣಿಯದು. ತಾವು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಂಟರಲ್ಲಿ ಆರು ಸಲ ಅವರು ಬೌಲ್ಡ್ ಆದರು ಎನ್ನುವುದೂ ನಿಜ. ಗೋಡೆ ಎಂದು ಕರೆಸಿಕೊಂಡವರ ಬ್ಯಾಟಿಗೂ ಪ್ಯಾಡಿಗೂ ನಡುವಿನ ಸಂದಿಯಲ್ಲಿ ಚೆಂಡು ನುಗ್ಗುವುದನ್ನು ನೋಡಲು ಕರ್ನಾಟಕದಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಅದೇ ಸರಣಿಯಲ್ಲಿ ಮೈಕೆಲ್ ಕ್ಲಾರ್ಕ್ 626 ರನ್ ಗಳಿಸಿದ್ದರು, ಸಿಡ್ನಿಯಲ್ಲಿ ಅಜೇಯ 329. ಪಟ್ಟಿಯ ಮೇಲ್ತುದಿಗೂ ದ್ರಾವಿಡರ ಸಾಲಿಗೂ ಸರಾಸರಿಯಲ್ಲಿ ನೂರು ರನ್ನಿನ ಅಂತರ. ಅದನ್ನು ತಾವು ಶಿಸ್ತಾಗಿ ತೋರಿಸಿಕೊಟ್ಟಿರಿ, ಕೃತಜ್ಞನಾಗಿದ್ದೇನೆ.

ಆದರೆ ಪೂಜ್ಯರೇ, ಅದಕ್ಕೆ ಆರು ತಿಂಗಳ ಹಿಂದಷ್ಟೇ ಇಂಗ್ಲೆಂಡಿನಲ್ಲಿ ಇದೇ ಮನುಷ್ಯ 461 ರನ್ ಗಳಿಸಿದ್ದರಲ್ಲ, 76.83ರ ಸರಾಸರಿಯಲ್ಲಿ? ಅದೂ 0–4ರ ಸೋಲೇ. ಲಾರ್ಡ್ಸ್‌ನಲ್ಲಿ ಅಜೇಯ 103, ನಾಟಿಂಗ್‌ಹ್ಯಾಮಿನಲ್ಲಿ 117, ಓವಲ್‌ನಲ್ಲಿ ಅಜೇಯ 146. ಓವಲ್‌ನಲ್ಲಿ ಇನಿಂಗ್ಸ್ ಆರಂಭಿಸಿದ ದ್ರಾವಿಡ್ ಇಡೀ ತಂಡ 300ಕ್ಕೆ ಮುಗಿದರೂ ಔಟಾಗದೆ ಉಳಿದರು. ಭಾರತಕ್ಕೆ ಫಾಲೋಆನ್ ಬಿತ್ತು. ಇನಿಂಗ್ಸುಗಳ ನಡುವಿನ ಆ ಪುಟ್ಟ ವಿರಾಮದ ನಂತರ ಅದೇ ಮನುಷ್ಯ ಅದೇ ಪ್ಯಾಡಿನಲ್ಲಿ ಮತ್ತೆ ಇನಿಂಗ್ಸ್ ಆರಂಭಿಸಲು ಇಳಿದರು. ಎರಡನೇ ಸಲ ಮಾಡಿದ್ದು 13. ತಾವು ಆ 13ನ್ನು 146ರ ಪಕ್ಕದಲ್ಲಿಟ್ಟು ಕೂಡಿದಿರಿ, ಭಾಗಿಸಿದಿರಿ. ದಿನಗಟ್ಟಲೆ ನಿಂತ ಕಾಲುಗಳ ಲೆಕ್ಕ ತಮ್ಮ ಯಾವ ಕಾಲಂನಲ್ಲೂ ಬರಲಿಲ್ಲ.

ಅದೇ ಪ್ರವಾಸದ ಬರ್ಮಿಂಗ್‌ಹ್ಯಾಮ್ ಟೆಸ್ಟಿನ ಎರಡನೇ ಇನಿಂಗ್ಸ್‌ನಲ್ಲಿ ತಾವು ದ್ರಾವಿಡರ ಹೆಸರಿನ ಮುಂದೆ 'ಕ್ಯಾಚ್ ಪ್ರಯರ್, ಬೌಲಿಂಗ್ ಆಂಡರ್ಸನ್, 18' ಎಂದು ದಾಖಲಿಸಿದ್ದೀರಿ. ಆಗ ಕೇಳಿದ ಸದ್ದು ಬ್ಯಾಟಿಗೆ ಚೆಂಡು ತಗುಲಿದ್ದಲ್ಲ, ಷೂ ಲೇಸಿನ ತುದಿ ಬ್ಯಾಟಿಗೆ ಬಡಿದದ್ದು. ಚೆಂಡೇ ಬ್ಯಾಟಿಗೆ ತಗುಲಿತೆಂದು ನಂಬಿ, ಮೇಲ್ಮನವಿಯನ್ನೂ ಸಲ್ಲಿಸದೆ ಅವರು ಹೊರಟುಬಿಟ್ಟರು. ತಾವು ನಿಯಮದಂತೆ ಬರೆದಿರಿ, ತಿದ್ದುವ ಅಧಿಕಾರ ತಮಗಿಲ್ಲ, ಗೊತ್ತು. ಆದರೆ ಒಬ್ಬ ಮನುಷ್ಯ ತಾನು ಮಾಡದ ತಪ್ಪನ್ನೂ ಒಪ್ಪಿಕೊಂಡು ನಡೆದದ್ದು ಆ ಇಡೀ ಸರಣಿಯಲ್ಲಿ ನನಗೆ ಉಳಿದಿರುವ ಚಿತ್ರ. ಅದಕ್ಕೆ ತಮ್ಮಲ್ಲಿ ಜಾಗವಿಲ್ಲದಿರುವುದು ನನಗೆ ಇವತ್ತಿಗೂ ನೋವು.

ಮತ್ತೆ ಆಸ್ಟ್ರೇಲಿಯಾಕ್ಕೆ ಬರುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ. ಆ 194ರೊಳಗೆ ಏನೇನಿತ್ತು ಎಂದು ತಾವು ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಮೆಲ್ಬರ್ನಿನಲ್ಲಿ 68. ದಿನದಾಟ ಮುಗಿಯುವಾಗ ಔಟಾಗಿರಲಿಲ್ಲ, ಮರುದಿನ ಬೆಳಿಗ್ಗೆ ಒಂದೂ ರನ್ ಸೇರಿಸದೆ ಹಿಲ್ಫೆನ್‌ಹಾಸ್‌ಗೆ ಬೌಲ್ಡ್. ಪರ್ತ್‌ನಲ್ಲಿ ಇಡೀ ತಂಡ 171ಕ್ಕೆ ಉರುಳಿದ ಇನಿಂಗ್ಸ್‌ನಲ್ಲಿ 47. ಆ ಹೊತ್ತಿನಲ್ಲಿ ಜೊತೆಗೆ ನಿಂತು 75 ಹೊಡೆದವರು ಇನ್ನೂ ತಂಡದಲ್ಲಿ ಜಾಗ ಗಟ್ಟಿಯಾಗದಿದ್ದ ವಿರಾಟ್ ಕೊಹ್ಲಿ. ಮುಂದಿನ ಅಡಿಲೇಡ್ ಟೆಸ್ಟಿನಲ್ಲಿ ಕೊಹ್ಲಿಯವರ ಮೊದಲ ಟೆಸ್ಟ್ ಶತಕ ಬಂತು, 116. ಅದೇ ದ್ರಾವಿಡರ ಕೊನೆಯ ಟೆಸ್ಟ್. ಅವರು ಮಾಡಿದ್ದು 1 ಮತ್ತು 25.

ಅಡಿಲೇಡ್! ಇಲ್ಲಿ ನನ್ನ ದೂರು ಸ್ವಲ್ಪ ಗಡುಸಾಗುತ್ತದೆ, ಕ್ಷಮೆ ಇರಲಿ. 2003ರ ಡಿಸೆಂಬರಿನಲ್ಲಿ ಇದೇ ಮೈದಾನದಲ್ಲಿ ಇದೇ ದ್ರಾವಿಡ್ 233 ಮತ್ತು ಅಜೇಯ 72 ಗಳಿಸಿ ಭಾರತವನ್ನು ಗೆಲ್ಲಿಸಿದ್ದರು. ಆಸ್ಟ್ರೇಲಿಯಾ ನೆಲದಲ್ಲಿ ಅದಕ್ಕೂ ಮೊದಲು ನಾವು ಗೆದ್ದದ್ದು 1981ರ ಫೆಬ್ರುವರಿಯಲ್ಲಿ. ಮೆಲ್ಬರ್ನಿನ ಆ ಗೆಲುವಿನಲ್ಲೂ ಕನ್ನಡಿಗನದೊಂದು ಶತಕವಿತ್ತು, ಭದ್ರಾವತಿಯ ಜಿ.ಆರ್. ವಿಶ್ವನಾಥರ 114. 2003–04ರ ಸರಣಿಯಲ್ಲಿ ದ್ರಾವಿಡರದು 619 ರನ್, ಸರಾಸರಿ 123.80. ಅದನ್ನು ಬರೆದಿಟ್ಟವರೂ ತಾವೇ. ಹಾಗಿದ್ದೂ 2012ರ ಆರಂಭದಲ್ಲಿ ಯಾರೂ ಆ ಹಳೆಯ ಪುಟವನ್ನು ತೆರೆಯಲಿಲ್ಲ. ಎಲ್ಲರ ಬಾಯಲ್ಲೂ 24.25 ಮಾತ್ರ.

2012ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅನಿಲ್ ಕುಂಬ್ಳೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದ್ರಾವಿಡ್ ನಿವೃತ್ತಿ ಹೇಳಿದರು. ತವರಿನಲ್ಲಿ ಬೀಳ್ಕೊಡುಗೆ ಟೆಸ್ಟ್ ಬೇಕೆಂದು ಕೇಳಲಿಲ್ಲ, ಹೊಸ ಹುಡುಗರಿಗೆ ದಾರಿ ಬಿಡುವ ಹೊತ್ತು ಬಂತು ಎಂದರು. ನಾವೆಲ್ಲ ತಮ್ಮನ್ನು ಹಿಡಿದು ಜಗಳವಾಡುತ್ತಿದ್ದಾಗ ತಮ್ಮನ್ನು ಸರಿಯಾಗಿ ಓದಿದವರು ಅವರೊಬ್ಬರೇ ಎಂದು ನನ್ನ ನಂಬಿಕೆ. 164 ಟೆಸ್ಟ್, 13,288 ರನ್, 36 ಶತಕ, ಆಗಿನ ವಿಶ್ವದಾಖಲೆಯಾದ 210 ಕ್ಯಾಚ್. ಎಲ್ಲಕ್ಕಿಂತ ನಾನು ಹೆಚ್ಚಾಗಿ ಗೌರವಿಸುವ ಸಂಖ್ಯೆ ಬೇರೆ: 31,258 ಎಸೆತ. ಟೆಸ್ಟ್ ಚರಿತ್ರೆಯಲ್ಲಿ ಅಷ್ಟು ಚೆಂಡು ಎದುರಿಸಿದವರು ಮತ್ತೊಬ್ಬರಿಲ್ಲ. ಸರಾಸರಿ ಕಟ್ಟುವಾಗ ತಾವು ಕೈಬಿಡುವ ಸಂಖ್ಯೆಯೇ ಅದು.

ವಿ.ವಿ.ಎಸ್. ಲಕ್ಷ್ಮಣರಿಗೆ 2011–12ರ ಅದೇ ಸರಣಿಯಲ್ಲಿ ತಾವು ಕೊಟ್ಟದ್ದು 155 ರನ್, 19.37. ಇದೇ ಆಸ್ಟ್ರೇಲಿಯಾದಲ್ಲಿ, ಸಿಡ್ನಿಯೊಂದರಲ್ಲೇ ಮೂರು ಶತಕ ಹೊಡೆದಿದ್ದವರು. 2012ರ ಆಗಸ್ಟಿನಲ್ಲಿ ನ್ಯೂಜಿಲೆಂಡ್ ವಿರುದ್ಧದ ತಂಡದಲ್ಲಿ ಅವರ ಹೆಸರಿತ್ತು, ಮೊದಲ ಟೆಸ್ಟ್ ಅವರ ಸ್ವಂತ ಊರು ಹೈದರಾಬಾದಿನಲ್ಲೇ. ಪಂದ್ಯಕ್ಕೆ ಐದು ದಿನವಿರುವಾಗ, 18ರಂದು, ಅವರು ಸಾಕೆಂದರು. ಕೈಗೆ ಬಂದಿದ್ದ ಬೀಳ್ಕೊಡುಗೆಯನ್ನೂ ಬಿಟ್ಟುಕೊಟ್ಟರು. ಆ ನಿರ್ಧಾರದಲ್ಲಿ ತಮ್ಮ 19.37ರ ಪಾಲೆಷ್ಟು ಎಂದು ತಾವೇ ಒಮ್ಮೆ ಯೋಚಿಸಬೇಕಾಗಿ ಪ್ರಾರ್ಥನೆ.

ಪಕ್ಷಪಾತವಿಲ್ಲವೆಂದು ಆಗಲೇ ಹೇಳಿದೆ. ಎದುರಾಳಿಗಳಿಗೂ ತಾವು ಇದನ್ನೇ ಮಾಡಿದ್ದೀರಿ. ಎರಡು ವರ್ಷ ಶತಕವಿಲ್ಲದೆ, ಹೊರಡಿ ಹೊರಡಿ ಎಂದು ಹೇಳಿಸಿಕೊಳ್ಳುತ್ತಿದ್ದ ರಿಕಿ ಪಾಂಟಿಂಗ್ ಅದೇ 2011–12ರಲ್ಲಿ 544 ರನ್ ಗಳಿಸಿದರು, ಸರಾಸರಿ 108.80. ತಾವು ಅವರನ್ನು ಎತ್ತಿ ಹಿಡಿದಿರಿ. 2012ರ ಡಿಸೆಂಬರ್ ಬರುವಷ್ಟರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಐದು ಇನಿಂಗ್ಸ್‌ನಿಂದ ಅವರಿಗೆ ಬಂದದ್ದು 32 ರನ್, 6.40. ಒಂದೇ ವರ್ಷ, ಒಬ್ಬನೇ ಮನುಷ್ಯ. ಪರ್ತ್‌ನಲ್ಲಿ ಅವರು ಕೊನೆಯ ಸಲ ಬ್ಯಾಟ್ ಹಿಡಿದು ಬಂದಾಗ ಗ್ರೇಮ್ ಸ್ಮಿತ್ ಮತ್ತು ಅವರ ತಂಡದವರು ಎರಡು ಸಾಲಾಗಿ ನಿಂತು ಗೌರವ ಕೊಟ್ಟರು. ಆ ಹನ್ನೊಂದು ಜನ 6.40ನ್ನು ಓದಲಿಲ್ಲ ಎಂದಲ್ಲ. ಅವರಿಗೆ ಉಳಿದದ್ದೂ ಗೊತ್ತಿತ್ತು.

ದ್ರಾವಿಡರ ಆ ಕೊನೆಯ ಸರಣಿಯ ಹದಿಮೂರು ವರ್ಷಗಳ ನಂತರ ತಾವು ಮಾಡಿದ್ದು ನನ್ನನ್ನು ಬೆಚ್ಚಿಬೀಳಿಸಿದೆ. 2024–25ರ ಆಸ್ಟ್ರೇಲಿಯಾ ಪ್ರವಾಸ, ಕೊಹ್ಲಿಯವರ ಕೊನೆಯ ಟೆಸ್ಟ್ ಸರಣಿ: 190 ರನ್, ಸರಾಸರಿ 23.75. ದ್ರಾವಿಡರ 194 ಮತ್ತು 24.25ರ ಪಕ್ಕದಲ್ಲಿಟ್ಟರೆ ಸರಾಸರಿಗಳ ನಡುವೆ ಇರುವುದು ಅರ್ಧ ರನ್. ಒಬ್ಬರು ಚೆಂಡು ಒಳಗೆ ನುಗ್ಗಿ ಆರು ಸಲ ಬೌಲ್ಡ್ ಆದವರು. ಇನ್ನೊಬ್ಬರು ಆಫ್ ಸ್ಟಂಪಿನ ಹೊರಗಿನ ಚೆಂಡಿಗೆ ಕೈಚಾಚಿ, ಔಟಾದ ಎಂಟು ಸಲವೂ ಕೀಪರಿಗೋ ಸ್ಲಿಪ್ಪಿನವರಿಗೋ ಕ್ಯಾಚ್ ಕೊಟ್ಟವರು. ಎರಡು ಬೇರೆ ಕಾಯಿಲೆಗೆ ಒಂದೇ ಜ್ವರ ತೋರಿಸುವ ಥರ್ಮಾಮೀಟರಿನಂತೆ ತಾವು ಇಬ್ಬರಿಗೂ ಒಂದೇ ಅಂಕ ಕೊಟ್ಟಿರಿ. ಪರ್ತ್‌ನ ಅಜೇಯ 100 ಭಾರತವನ್ನು 295 ರನ್ನಿನ ಗೆಲುವಿಗೆ ಒಯ್ದಿತ್ತು, ಉಳಿದ ಎಂಟು ಇನಿಂಗ್ಸ್ ಸೇರಿದರೆ 90. ಆ ಏರನ್ನೂ ಆ ಇಳಿತವನ್ನೂ ಕೂಡಿಸಿ ತಾವು ಮಾಡಿದ 23.75 ಎಂಬ ಆಟವನ್ನು ಕೊಹ್ಲಿ ಒಂದು ದಿನವೂ ಆಡಲಿಲ್ಲ.

ರವಿಚಂದ್ರನ್ ಅಶ್ವಿನ್ ಆ ಸರಣಿಯ ನಡುವೆಯೇ, ಬ್ರಿಸ್ಬೇನ್ ಟೆಸ್ಟ್ ಮುಗಿದ ದಿನ, ಎದ್ದು ಹೋದರು. ಅವರು ಆಡಿದ್ದು ಅಡಿಲೇಡ್ ಒಂದೇ, ಅಲ್ಲಿ 53 ರನ್ನಿಗೆ ಒಂದು ವಿಕೆಟ್. ತಾವು ಸರಾಸರಿ ಕಾಲಂನಲ್ಲಿ 53.00 ಎಂದು ಎರಡು ಸೊನ್ನೆ ಸಮೇತ ಬರೆದಿರಿ. 537 ವಿಕೆಟ್ ತೆಗೆದವರ ಕೊನೆಯ ಸಾಲು ಅದು.

ಭಾರತದವರಲ್ಲಿ ಅಶ್ವಿನ್‌ಗಿಂತ ಮೇಲಿರುವವರು ಒಬ್ಬರೇ, 619ರ ಕುಂಬ್ಳೆ. 2008ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಾಗ ಬೆಂಗಳೂರಿನ ಟೆಸ್ಟಿನಲ್ಲಿ, ತನ್ನ ಜನರೆದುರೇ, ಕುಂಬ್ಳೆಗೆ ಒಂದು ವಿಕೆಟ್ಟೂ ಸಿಗಲಿಲ್ಲ. ದೆಹಲಿಯಲ್ಲಿ ಮೂರು. ಸರಣಿಯ ಬಾಬ್ತು ಅಷ್ಟೇ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಅವರ ಎಡಗೈ ಕಿರುಬೆರಳು ಸೀಳಿ ಹನ್ನೊಂದು ಹೊಲಿಗೆ ಬಿದ್ದಿದ್ದವು. ಆ ಕೈಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಮೈದಾನಕ್ಕೆ ಬಂದು ಬೌಲ್ ಮಾಡಿದರು. ಮಿಚೆಲ್ ಜಾನ್ಸನ್ ಎತ್ತಿ ಹೊಡೆದ ಚೆಂಡಿನ ಹಿಂದೆ ಕುಂಬ್ಳೆಯೇ ಓಡಿ ಹಿಡಿದರು, ಅದೇ 619ನೆಯದು. ಇದೇ ಕೋಟ್ಲಾದಲ್ಲಿ 1999ರಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟನ್ನು 74 ರನ್ನಿಗೆ ಕಿತ್ತವರು, ಅಲ್ಲೇ ನವೆಂಬರ್ 2ರಂದು ಆಟ ಮುಗಿಸಿದರು. ತಮ್ಮ ಪಟ್ಟಿಯಲ್ಲಿ ಆ ಮೂರು ವಿಕೆಟ್ಟು ದುಬಾರಿ ವಿಕೆಟ್ಟುಗಳು. ಸರಣಿಯನ್ನು ಭಾರತ 2–0ರಿಂದ ಗೆದ್ದಿತು.

ಸುನಿಲ್ ಗಾವಸ್ಕರರ ವಿಷಯದಲ್ಲೂ ಒಂದು ಮಾತಿದೆ. 1987ರ ಮಾರ್ಚ್, ಚಿನ್ನಸ್ವಾಮಿಯ ಅಂಕಣ ಪುಡಿಪುಡಿಯಾಗಿ ಚೆಂಡು ಮಂಡಿಯಿಂದ ಎದೆಗೆ ನೆಗೆಯುತ್ತಿತ್ತು. ಪಾಕಿಸ್ತಾನ ಕೊಟ್ಟ ಗುರಿ 221. ಗಾವಸ್ಕರ್ 96 ಮಾಡಿದರು, ಮತ್ಯಾರೂ ಮೂವತ್ತು ಮುಟ್ಟಲಿಲ್ಲ, ಭಾರತ 16 ರನ್ನಿನಿಂದ ಸೋತಿತು. ಅದು ಅವರ ಕೊನೆಯ ಟೆಸ್ಟ್ ಇನಿಂಗ್ಸ್. ತಮ್ಮ ಲೆಕ್ಕದಲ್ಲಿ ಆ 96ಕ್ಕೆ ಶತಕದ ಮರ್ಯಾದೆಯೂ ಇಲ್ಲ, ಸಪಾಟು ಅಂಕಣದಲ್ಲಿ ಡ್ರಾ ಆದ ಪಂದ್ಯದ 96ಕ್ಕೂ ಅದಕ್ಕೂ ಭೇದವೂ ಇಲ್ಲ. ಕ್ರಿಕೆಟ್ ಬಲ್ಲ ಹಿರಿಯರು ಸ್ಪಿನ್ ಆಡುವುದೆಂದರೇನು ಎಂದು ಹೇಳಿಕೊಡುವಾಗ ಇವತ್ತಿಗೂ ಎತ್ತುವುದು ಆ ಇನಿಂಗ್ಸನ್ನೇ.

ತಮ್ಮನ್ನು ಕ್ರೀಡಾಪುಟದಿಂದ ಓಡಿಸಬೇಕೆಂದು ನಾನು ಕೇಳುತ್ತಿಲ್ಲ. ತಾವಿಲ್ಲದಿದ್ದರೆ ಜೋರಾಗಿ ಕೂಗುವವನ ಮಾತೇ ಚರಿತ್ರೆಯಾಗುತ್ತಿತ್ತು. ವಯಸ್ಸಾದದ್ದು, ಕಣ್ಣು ಕೈ ನಿಧಾನವಾದದ್ದು ತಮ್ಮಿಂದಲೇ ತಿಳಿಯುತ್ತದೆ, ಅಭಿಮಾನಿಗಳಾದ ನಮ್ಮಿಂದಲ್ಲ. ಕೇಳುವುದಿಷ್ಟೇ: ಇನ್ನು ಮುಂದೆ ಹಿರಿಯರೊಬ್ಬರು ಹೊರಡುವ ಸರಣಿಯಲ್ಲಿ, ರನ್ನಿನ ಪಕ್ಕದಲ್ಲಿ ಅವರು ಎದುರಿಸಿದ ಎಸೆತವನ್ನೂ ಬರೆಯಿರಿ. ಆ ಇನಿಂಗ್ಸ್‌ನಲ್ಲಿ ಇಡೀ ತಂಡ ಎಷ್ಟಕ್ಕೆ ಮುಗಿಯಿತು, ಹೇಗೆ ಔಟಾದರು ಎಂಬುದನ್ನೂ ಸೇರಿಸಿ. ಅದೇ ನೆಲದಲ್ಲಿ ಅವರು ಹಿಂದೆ ಮಾಡಿದ್ದನ್ನು ಕೆಳಗೊಂದು ಸಾಲಿನಲ್ಲಿ ಕೊಡಿ. ಔಟಾಗದೆ ಉಳಿದವರಿಗೆ ಹಾಕುವ ನಕ್ಷತ್ರ ಚಿಹ್ನೆ ತಮ್ಮ ಹತ್ತಿರ ಹೇಗೂ ಇದೆ. ಹನ್ನೊಂದು ಹೊಲಿಗೆಯ ಕೈಯಲ್ಲಿ ಬಂದ ವಿಕೆಟ್ಟಿಗೂ ಅಂಥದೊಂದು ಗುರುತು ಹಾಕಿ, ಅದೇನೆಂದು ಅಡಿಯಲ್ಲಿ ಬರೆಯಬೇಕಾಗಿ ವಿನಂತಿ.

ಇಂತಿ,
ತಮ್ಮನ್ನು ದಿನವೂ ಓದುವ ವಿಧೇಯ ಕನ್ನಡಿಗ