ಖಾಲಿಕುರ್ಚೀ ಪ್ರಕಾಶಿಕೆ

ಸಂಗೀತದ ಮೇಲೆ ನಮ್ಮಲ್ಲಿ ಲಕ್ಷಣಗ್ರಂಥಗಳಿಗೆ ಬರವಿಲ್ಲ. ಹಾಡುವವನ ಶಾರೀರ ಹೇಗಿರಬೇಕು, ವೀಣೆಗೆ ಎಷ್ಟು ಮೆಟ್ಟಿಲು ಕೂರಿಸಬೇಕು, ಯಾವ ರಾಗಕ್ಕೆ ಯಾವ ಹೊತ್ತು ಎಂದು ಎಳೆಎಳೆಯಾಗಿ ಬಿಡಿಸಿ ಬರೆದ ಪೂರ್ವಸೂರಿಗಳು, ಎದುರಿಗೆ ಕುರ್ಚಿ ಎಷ್ಟು, ಅದರಲ್ಲಿ ಕೂತವರೆಷ್ಟು ಎಂಬ ಒಂದೇ ಒಂದು ಪ್ರಶ್ನೆಯನ್ನು ಮಾತ್ರ ಜಾಣತನದಿಂದ ದಾಟಿಹೋಗಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಆಸ್ಥಾನದಲ್ಲಿ ಅರಸ ಕೂತಿದ್ದರೆ ಉಳಿದವರು ಎದ್ದುಹೋಗುವ ಪ್ರಮೇಯವೇ ಇರಲಿಲ್ಲ. ಅರಸರು ಹೋಗಿ ಸಭೆಯ ಕಾರ್ಯದರ್ಶಿಗಳು ಬಂದ ಮೇಲೆ ಹುಟ್ಟಿದ ಸಮಸ್ಯೆ ಇದು. ಆದ್ದರಿಂದ ಈ ಪ್ರಬಂಧ. ಇದರ ಸಾಧನಸಾಮಗ್ರಿ ಏನೆಂದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಜಯನಗರಗಳ ಸಣ್ಣ ಸಭಾಂಗಣಗಳಲ್ಲಿ ಸಂಜೆ ಆರೂಕಾಲಿಗೆ ಶುರುವಾಗುವ ಕಚೇರಿಗಳು, ಮತ್ತು ಪ್ರಬಂಧಕಾರನ ಬೆನ್ನಿನ ಮೇಲೆ ಶಾಶ್ವತವಾಗಿ ಅಚ್ಚೊತ್ತಿರುವ ಪ್ಲಾಸ್ಟಿಕ್ ಕುರ್ಚಿಯ ಗೆರೆಗಳು.

ಮೊದಲು ಪ್ರಮೇಯ. ಕಚೇರಿ ಮುಗಿಸಿ ಮನೆಗೆ ಬಂದವನನ್ನು ಇನ್ನೊಬ್ಬ ರಸಿಕ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ತೋಡಿ ಹಾಡಿದರಾ ಎಂದಲ್ಲ, ಪಕ್ಕವಾದ್ಯ ಯಾರು ಎಂದೂ ಅಲ್ಲ. "ಜನ ಇದ್ರಾ?" ಉತ್ತರವೂ ನಿಗದಿಯಾಗಿದೆ: "ಇದ್ರು ಇದ್ರು, ಜನ ಇದ್ರು." ಎಷ್ಟು ಎಂದು ಅವನು ಕೇಳುವುದಿಲ್ಲ, ಇವನು ಹೇಳುವುದಿಲ್ಲ. ಈ ಪರಸ್ಪರ ದಾಕ್ಷಿಣ್ಯದಿಂದ ಶಾಸ್ತ್ರಕ್ಕೆ ಆಗಿರುವ ನಷ್ಟ ಅಷ್ಟಿಷ್ಟಲ್ಲ. 'ಜನ' ಎಂದರೆ ಎಷ್ಟು?

ವಿಚಿತ್ರವೆಂದರೆ ಉತ್ತರ ನಮ್ಮ ಜೇಬಿನಲ್ಲೇ ಇತ್ತು. ಕರ್ನಾಟಕ ಸಂಗೀತದಲ್ಲಿ 72 ಮೇಳಕರ್ತ ರಾಗಗಳ ಕ್ರಮಸಂಖ್ಯೆ ಆ ರಾಗದ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅಡಗಿದೆ. ಇದಕ್ಕೆ ಕಟಪಯಾದಿ ಸೂತ್ರವೆಂದು ಹೆಸರು. ಕ, ಟ, ಪ, ಯ ಈ ನಾಲ್ಕಕ್ಕೂ ಬೆಲೆ ಒಂದು; ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗುವುದು; ಞ, ನ ಎರಡಕ್ಕೂ ಸೊನ್ನೆ. ಬಂದ ಅಂಕಿಗಳನ್ನು ತಿರುವಿ ಓದಬೇಕು. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು; ತಿರುವಿದರೆ 15. ಸರಳೆವರಸೆ ಕಲಿಯುವ ಪ್ರತಿ ಮಗುವೂ ಮೊದಲು ಕೂರುವುದು ಈ 15ನೇ ಮನೆಯಲ್ಲೇ. ಮೇಚಕಲ್ಯಾಣಿಗೆ 65. ಹನುಮತೋಡಿಯಲ್ಲಿ ಹ ಎಂಟು, ನ ಸೊನ್ನೆ; 08, ಅಂದರೆ 8. ರಾಗದ ಹೆಸರಿಗೆ ಒಪ್ಪುವ ಸೂತ್ರ ರಾಗ ಕೇಳಲು ಬರುವವರಿಗೆ ಯಾಕೆ ಒಪ್ಪಬಾರದು ಎಂದು ಈತನಕ ಯಾರಿಗೂ ಹೊಳೆಯದೇ ಹೋದದ್ದು ನಮ್ಮ ವಿದ್ವತ್ತಿನ ಆಲಸ್ಯ.

ಹಚ್ಚಿ ನೋಡೋಣ. ಜನ. ಜ ಎಂಟು, ನ ಸೊನ್ನೆ. ಎಂಟು.

ಈ ಸಾಲು ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟು ವರ್ಷ, ಎಷ್ಟು ಸಂಜೆ, ಎಷ್ಟು ಸಭೆಗಳಲ್ಲಿ ನಾನು ಎಣಿಸಿ ಎಣಿಸಿ ಎಂಟಕ್ಕೆ ಬಂದು ನಿಂತಿದ್ದೇನೆ! "ಜನ ಇದ್ರು" ಎಂದವರು ಯಾರೂ ಸುಳ್ಳು ಹೇಳಿರಲಿಲ್ಲ. ಅವರು ಕರಾರುವಾಕ್ಕಾಗಿ ಅಂಕಿಯನ್ನೇ ಹೇಳಿದ್ದರು, ನಮಗೆ ಓದಲು ಬರಲಿಲ್ಲ. ಮುಂದೆ ನೋಡಿ: ರಸಿಕ. ರ ಎರಡು, ಸ ಏಳು, ತಿರುವಿದರೆ 72. ಮೇಳಕರ್ತಗಳ ಕೊನೆಯ ರಾಗವಾದ ರಸಿಕಪ್ರಿಯಕ್ಕೂ ಅದೇ ಸಂಖ್ಯೆ. ರಸಿಕರು 72, ಜನ 8. ಊರಿನಲ್ಲಿ ತಮ್ಮನ್ನು ರಸಿಕರೆಂದು ಕರೆದುಕೊಳ್ಳುವ ಒಂಬತ್ತು ಮಂದಿಯಲ್ಲಿ ಒಬ್ಬರು ಬರುತ್ತಾರೆಂದು ಸೂತ್ರವೇ ಸಾರುತ್ತಿದೆ. ಇದು ಸಮೀಕ್ಷೆಯಲ್ಲ, ಅಕ್ಷರ, ಅಕ್ಷರಕ್ಕೆ ನಾಶವಿಲ್ಲ. ರಸಿಕಪ್ರಿಯ ಒಂದು ವಿವಾದಿ ರಾಗ, ವೇದಿಕೆಯ ಮೇಲೆ ಅಪರೂಪ ಎಂಬುದನ್ನೂ ಇಲ್ಲಿ ನೆನೆಯಬೇಕು. ರಸಿಕರಿಗೆ ಪ್ರಿಯವೆಂದು ಹೆಸರಿಟ್ಟುಕೊಂಡದ್ದನ್ನು ಹಾಡುವವರು ಕಮ್ಮಿ, ಹಾಡಿದಾಗ ಬರುವ ರಸಿಕರೂ ಕಮ್ಮಿ. ಇದರಲ್ಲಿ ವಿವಾದ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ.

ಇನ್ನೊಂದು ಶೋಧ ನನ್ನನ್ನು ಸ್ವಲ್ಪ ಹೆದರಿಸಿತು. ಕಚೇರಿ: ಕ ಒಂದು, ಚ ಆರು, 61. ಕುರ್ಚಿ: ಕ ಒಂದು, ಒತ್ತಕ್ಷರದಲ್ಲಿ ಚ ಆರು, 61. ಅಂದರೆ ಶಾಸ್ತ್ರದೃಷ್ಟಿಯಲ್ಲಿ ಕಚೇರಿಯೂ ಕುರ್ಚಿಯೂ ಒಂದೇ ರಾಗ, ಕಾಂತಾಮಣಿ. ಜನ ಬರಲಿ ಬಿಡಲಿ, ಕುರ್ಚಿ ಬಂದರೆ ಕಚೇರಿ ಆದಂತೆಯೇ. ಸಭೆಗಳ ಕಾರ್ಯದರ್ಶಿಗಳು ಇದನ್ನು ಹುಟ್ಟುಗುಣದಿಂದಲೇ ಬಲ್ಲರು. ಆರು ಗಂಟೆಗೆ ಅವರು ಬಾಗಿಲಿನತ್ತ ನೋಡುವುದಿಲ್ಲ. ಕುರ್ಚಿಗಳನ್ನು ಒಮ್ಮೆ ನೋಡಿ, "ಶುರು ಮಾಡೋಣವಾ?" ಎನ್ನುತ್ತಾರೆ.

ಟಿಕೆಟ್ಟಿನ ವಿಷಯ. ಟಿಕೆಟ್: ಟ ಒಂದು, ಕ ಒಂದು, 11. ಪುಕ್ಕಟೆ: ಪ ಒಂದು, ಕ ಒಂದು, 11. ಎರಡೂ ಕೋಕಿಲಪ್ರಿಯ! ಟಿಕೆಟ್ ಇಟ್ಟರೆ ಜನ ಬರುವುದಿಲ್ಲ, ಪುಕ್ಕಟೆ ಮಾಡಿದರೆ ಬರುತ್ತಾರೆ ಎಂಬ ಹಳೆಯ ವಾದ ಇಲ್ಲಿಗೆ ಮುಗಿಯಿತು. ಎರಡರಲ್ಲೂ ಬರುವುದು ಕೋಗಿಲೆಗೆ ಪ್ರಿಯರಾದವರು ಮಾತ್ರ. ಸಂದೇಹವಿದ್ದವರು ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಹೋಗಬಹುದು. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ಉತ್ಸವದಲ್ಲಿ ಚಪ್ಪರದ ಒಳಗೆ ಟಿಕೆಟ್ಟಿನವರು. ಹೊರಗೆ ರಸ್ತೆಯಲ್ಲಿ ಸ್ಕೂಟರಿನ ಮೇಲೆ, ಜಗಲಿಯ ಮೇಲೆ ಕೂತ ಪುಕ್ಕಟೆಯವರು. ಧ್ವನಿವರ್ಧಕದಲ್ಲಿ ಇಬ್ಬರಿಗೂ ಅದೇ ಕಾಂಬೋಧಿ. ಇನ್ನು ಮಧ್ಯದ ವರ್ಗವೊಂದಿದೆ: ಪಾಸಿನವರು. ಪಾಸು: ಪ ಒಂದು, ಸ ಏಳು, 71. ರಸಿಕನಿಗೆ ಒಂದೇ ಒಂದು ಕಮ್ಮಿ. ಆ ಒಂದು ಯಾವುದು ಎಂದು ಪಾಸಿನವರು ಸಾಮಾನ್ಯವಾಗಿ ಎದ್ದುಹೋಗುವ ಹೊತ್ತಿಗೆ ತಿಳಿಯುತ್ತದೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. (ಪೂರ್ವಪಕ್ಷಿ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ, ಬಾಗಿಲಿನ ಪಕ್ಕ.) ಬೆಂಗಳೂರು ಗಾಯನ ಸಮಾಜ 1905ರಿಂದ ಜನರನ್ನು ಕರೆದು ಕೂರಿಸುತ್ತಿದೆ, ಅದೆಲ್ಲ ಎಂಟೇ ಮಂದಿಗಾಗಿಯೇ? ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ತುಂಬಿದ್ದನ್ನು ನೀನೇ ನೋಡಿಲ್ಲವೇ? ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಗಣೇಶನ ಹಬ್ಬಕ್ಕೆ ಬೀದಿಗೆ ಬೀದಿಯೇ ಶ್ರೋತೃವಾಗುವುದನ್ನು ಕೇಳಿಲ್ಲವೇ?

ಉತ್ತರ ಹೇಳೋಣ. ಮೊಹಲ್ಲಾದ ಆ ಬೀದಿ ಯಾವುದು? 8ನೇ ಕ್ರಾಸ್. ಎಷ್ಟೇ ಸೇರಿದರೂ ಬೋರ್ಡಿನ ಮೇಲೆ ಎಂಟೇ. ಇನ್ನು ದೊಡ್ಡ ಹೆಸರಿನವರು ಹಾಡಿದಾಗ ಹಾಲ್ ತುಂಬುವುದು ನಮ್ಮ ಗ್ರಂಥದ ವಿಷಯವಲ್ಲ. ಅಲ್ಲಿ ಜನ ಸೇರುವುದು ಹೆಸರಿಗೆ, ಮತ್ತು ಹೆಸರಿನೊಡನೆ ಫೋಟೋಗೆ. ಚೌಡಯ್ಯನವರ ವಿಷಯ ಬಂದದ್ದು ಮಾತ್ರ ಒಳ್ಳೆಯದಾಯಿತು. ಮೈಕು ಇನ್ನೂ ಊರೆಲ್ಲ ಹಬ್ಬಿರದ ಕಾಲದಲ್ಲಿ, ಹಿಂದಿನ ಸಾಲಿಗೂ ನಾದ ಮುಟ್ಟಲಿ ಎಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಮೂರು ಸೇರಿಸಿ ಏಳು ಮಾಡಿದರು. ಈಗ ಮೈಕಿದೆ, ಏಳು ತಂತಿ ಯಾಕೆ ಎನ್ನುವವರು ಇಂದಿನ ಸಣ್ಣ ಕಚೇರಿಯನ್ನು ನೋಡಿಲ್ಲ. ಇಂದೂ ಜನ ಇರುವುದು ಹಿಂದಿನ ಸಾಲಿನಲ್ಲೇ. ಮುಂದಿನ ಸಾಲಿನಲ್ಲಿರುವುದು ಮುಖ್ಯ ಅತಿಥಿಗಳಿಗೆಂದು ಹಾಕಿದ, ಮುಖ್ಯ ಅತಿಥಿಗಳು ಎಂದೂ ಕೂರದ ಸೋಫಾ. ಅದರ ಹಿಂದೆ ಮೂರು ಸಾಲು ಬಯಲು. ಹಾಡುವವರು ಈ ಬಯಲನ್ನು ದಾಟಿ ಹಾಡಬೇಕು.

ಆಸನಗಳ ಹಂಚಿಕೆಯ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ನಾನು ಬಹಳ ವರ್ಷ ತಪ್ಪಾಗಿ ತಿಳಿದಿದ್ದೆ. ಎಂಟು ಮಂದಿ ಒಬ್ಬರಿಂದೊಬ್ಬರು ದೂರ ಕೂರುವುದು ಶ್ರುತಿಭೇದದಿಂದ, ಅಂದರೆ ವಡಗಲೆ-ತೆಂಗಲೆಗಳಂಥ ಹಳೆಯ ಮನಸ್ತಾಪದಿಂದ ಎಂದುಕೊಂಡಿದ್ದೆ. ಅಲ್ಲ. ಒಂದು ಬೇಸಿಗೆಯ ಸಂಜೆ ತಲೆಯೆತ್ತಿ ನೋಡಿದಾಗ ಸತ್ಯ ತಿರುಗುತ್ತಿತ್ತು. ಚಾಲ್ತಿಯಲ್ಲಿರುವ ಪ್ರತಿ ಫ್ಯಾನಿನ ಕೆಳಗೆ ಒಬ್ಬರು. ಕೆಟ್ಟ ಫ್ಯಾನಿನ ಕೆಳಗೆ ಯಾರೂ ಇಲ್ಲ. ಶ್ರೋತೃಗಳ ನಕ್ಷೆ ಎಂದರೆ ಚಾವಣಿಯ ನಕ್ಷೆ. ಇದಕ್ಕೆ ವ್ಯಜನನ್ಯಾಯ ಎಂದು ಹೆಸರಿಟ್ಟಿದ್ದೇನೆ. ನಾಳೆ ಯಾವನಾದರೂ ಎಂಜಿನಿಯರು ಫ್ಯಾನುಗಳನ್ನೆಲ್ಲ ಸೋಫಾದ ಮೇಲಕ್ಕೆ ಸರಿಸಿದರೆ ಬೆಂಗಳೂರಿನ ಸಂಗೀತಗಾರರು ಎದುರಿಗೆ ಮನುಷ್ಯರ ಮುಖ ಕಾಣಬಹುದು.

ಎಂಟರಲ್ಲಿ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂಬುದು ತೊಡಕಿನ ಪ್ರಶ್ನೆ. ಪಿಟೀಲು ನುಡಿಸುವ ಹುಡುಗಿಯ ತಾಯಿ ಸೇರುತ್ತಾರೆ. ವೇದಿಕೆಯ ಮೇಲೆ ತಂಬೂರಿ ಹಿಡಿದ ಶಿಷ್ಯೆ ಸೇರುವುದಿಲ್ಲ. ಮೈಕಿನವನು ಕಿವಿಗೆ ಹತ್ತಿ ಇಟ್ಟುಕೊಂಡಿಲ್ಲವಾದರೆ ಸೇರುತ್ತಾನೆ. ಮಳೆಗೆಂದು ಒಳಗೆ ಬಂದವರು ಮಳೆ ನಿಂತ ಮೇಲೂ ಕೂತಿದ್ದರೆ ಸೇರುತ್ತಾರೆ. ಅಂಥವರು ಇದ್ದಾರೆ, ಮತ್ತು ಅವರೇ ಆಮೇಲೆ ಸಭೆಯ ಆಜೀವ ಸದಸ್ಯರಾಗುತ್ತಾರೆ. ನಿಜವಾದ ಕಗ್ಗಂಟು ನಿದ್ರಿಸುವ ಶ್ರೋತೃವಿನದು. ಕೆಲವರು ಅವರನ್ನು ಎಣಿಕೆಯಿಂದ ಬಿಡಬೇಕೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬಲಗಡೆ ಎರಡನೇ ಫ್ಯಾನಿನ ಕೆಳಗೆ ತೂಕಡಿಸುವ ಒಬ್ಬ ಹಿರಿಯರನ್ನು ನಾನು ಗಮನಿಸುತ್ತ ಬಂದಿದ್ದೇನೆ: ನೆರವಲ್ ನಡೆಯುವಾಗ ಅವರ ತಲೆ ಮೆಲ್ಲಗೆ ಇಳಿಯುತ್ತ ಇಳಿಯುತ್ತ ಎದೆಗೆ ತಾಗುವುದು ಸರಿಯಾಗಿ ಸಮಕ್ಕೆ. ಎಚ್ಚರವಿದ್ದ ನಾನು ಎರಡು ಸಲ ಎಡುಪ್ಪು ತಪ್ಪಿದ್ದೇನೆ, ಅವರು ತಪ್ಪಿಲ್ಲ.

ವಿಘ್ನಗಳು. ಟ್ರಾಫಿಕ್ಕಿಗೆ ಸಂಖ್ಯೆ ಹೇಳುವುದು ಕಷ್ಟ, ಯಾಕೆಂದರೆ ಒತ್ತಕ್ಷರದಲ್ಲಿ ಯಾವ ವ್ಯಂಜನಕ್ಕೆ ಮರ್ಯಾದೆ ಎಂಬುದರಲ್ಲಿ ಸಂಪ್ರದಾಯ ಒಂದೇ ಇಲ್ಲ: ರತ್ನಾಂಗಿಯಲ್ಲಿ ಎರಡನೆಯದು ಗೆಲ್ಲುತ್ತದೆ, ಚಕ್ರವಾಕದಲ್ಲಿ ಮೊದಲನೆಯದು. ಟ್ರಾಫಿಕ್ಕಿನಲ್ಲಿ ಯಾವ ಅಕ್ಷರ ಎಲ್ಲಿಂದ ನುಗ್ಗುತ್ತದೆಂದು ಬ್ರಹ್ಮನೂ ಹೇಳಲಾರ. 21 ಇರಬಹುದು, 22 ಇರಬಹುದು. 22 ಆದರೆ ಖರಹರಪ್ರಿಯ, ವೈಟ್‌ಫೀಲ್ಡಿನಿಂದ ಬಸವನಗುಡಿಗೆ ಹೊರಟವರಿಗೆ ವಿಸ್ತಾರವಾದ ಆಲಾಪನೆಗೆ ಅವಕಾಶವಿರುವ ರಾಗ. ಮೊಬೈಲಿಗೆ 35, ಶೂಲಿನಿ. ಮಂದ್ರದಲ್ಲಿ ಶಹಾನ ಕರಗುತ್ತಿರುವಾಗ ಹಿಂದಿನ ಸಾಲಿನಿಂದ ಅದು ಮೊಳಗಿದ್ದನ್ನು ಕೇಳಿದವರು ಹೆಸರಿನ ಔಚಿತ್ಯವನ್ನು ಒಪ್ಪುತ್ತಾರೆ. ಮಳೆ: ಮ ಐದು, ಳ ಒಂಬತ್ತು, 95. ದೋಸೆ: ದ ಎಂಟು, ಸ ಏಳು, 78. ಎರಡೂ 72ರ ಆಚೆಗಿನವು, ಮೇಳಕರ್ತಗಳ ಚೌಕಟ್ಟಿಗೇ ಸಿಗದವು. ಗಾಂಧಿಬಜಾರಿನಲ್ಲಿ ದೋಸೆಯ ಪರಿಮಳ ಏಳುವ ಹೊತ್ತಿಗೂ ವರ್ಣ ಮುಗಿಯುವ ಹೊತ್ತಿಗೂ ಇರುವ ನಂಟನ್ನು ಯಾವ ಸಂಗೀತಶಾಸ್ತ್ರವೂ ಎದುರಿಸಲಾರದು ಎಂಬುದಕ್ಕೆ ಬೇರೆ ಪ್ರಮಾಣ ಬೇಕೇ? ಮನೆಯಲ್ಲೇ ಕೂತು ನೋಡುವ ಲೈವ್ ಇದೆಯಲ್ಲ ಎಂದರೆ, ಸ್ವರವಿಲ್ಲದ ವ್ಯಂಜನಕ್ಕೆ ಸೂತ್ರದಲ್ಲಿ ಬೆಲೆಯಿಲ್ಲ. ಲೈ ಮಾತ್ರ ಉಳಿದು ಮೂರು. ಪರದೆಯ ಮೂಲೆಯಲ್ಲಿ ಕಣ್ಣಿನ ಚಿಹ್ನೆಯ ಪಕ್ಕ ಕಾಣುವುದೂ ಬಹಳ ಸಲ ಅಷ್ಟೇ.

ಈಗ ಮೂಲಪುರುಷನಿಗೆ ಬರಬೇಕು. 72 ಮೇಳಗಳ ಲೆಕ್ಕ ಹಾಕಿದವನು 17ನೇ ಶತಮಾನದ ವೆಂಕಟಮಖಿ, ತಂಜಾವೂರು ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನ ಮಗ, ಚತುರ್ದಂಡೀ ಪ್ರಕಾಶಿಕೆಯ ಕರ್ತೃ. (ಹೆಸರುಗಳಲ್ಲಿ ಸಂಖ್ಯೆ ಹುದುಗಿಸಿದ ಕೆಲಸ ಆಮೇಲಿನವರದು.) ಅವನ ಕಾಲದಲ್ಲಿ ಬಳಕೆಯಲ್ಲಿದ್ದದ್ದು 19 ಮೇಳಗಳು. ಮನುಷ್ಯ 19 ಮೇಳಕ್ಕೆ 72 ಕುರ್ಚಿ ಹಾಕಿದ. ಐವತ್ತಮೂರು ಖಾಲಿ! ಇಂದಿನ ಯಾವ ಸಭೆಯ ಕಾರ್ಯದರ್ಶಿಗೂ ಇಂಥ ಧೈರ್ಯ ಬಂದಿಲ್ಲ. ಯಾರು ಬರುತ್ತಾರೆಂದು ಅವನನ್ನು ಯಾರಾದರೂ ಕೇಳಿರಬೇಕು. ಒಂದೊಂದಾಗಿ ಬಂದವು, ನೂರಿನ್ನೂರು ವರ್ಷ ತಡವಾಗಿ; ಆಗಲೂ ಟ್ರಾಫಿಕ್ ಇತ್ತೆಂದು ಕಾಣುತ್ತದೆ.

ಸಿದ್ಧಾಂತವನ್ನು ಪ್ರಯೋಗದಲ್ಲಿ ಒರೆಗೆ ಹಚ್ಚಿದ ಒಂದು ಸಂಜೆಯ ವರದಿ ಇನ್ನು ಉಳಿದಿದೆ. ಜಯನಗರದ ಕಡೆಯ ಒಂದು ಸಣ್ಣ ಹಾಲು, ಹೊರಗೆ 95 ಸುರಿಯುತ್ತಿತ್ತು. ಗಾಯಕಿ ಕಿರಿಯರು, ಹೆಸರು ಇನ್ನೂ ಹಾಲ್ ತುಂಬಿಸುವಷ್ಟು ಬೆಳೆದಿಲ್ಲ. ತೋಡಿ ಮಾತ್ರ ಬೆಳೆದಿತ್ತು. ಎದುರಿಗೆ ಜನ ಇದ್ದೆವು, ಸೂತ್ರದ ಪ್ರಕಾರ. ಪ್ರಧಾನ ಕೃತಿ ಆದಿ ತಾಳ, ಎಂಟು ಅಕ್ಷರ, ತಲೆಗೊಂದರಂತೆ. ಸ್ವರಪ್ರಸ್ತಾರ ಮುಗಿದು, ಮೃದಂಗ ಒಂಟಿಯಾಗಿ ನುಡಿಯಲೆಂದು ತನಿ ಬಿಟ್ಟರು. ತನಿ ಎಂದರೆ ತ ಆರು, ನ ಸೊನ್ನೆ, 6. ಎಂಟು ಹೇಗೆ ಆರಾಗುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಎಡಗಡೆ ಫ್ಯಾನುಗಳ ಕೆಳಗಿನ ಇಬ್ಬರು ಚಪ್ಪಲಿ ಹುಡುಕಿಕೊಂಡು ಕಾಫಿಗೆ ಎದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಶಾಸ್ತ್ರ ಹೀಗೆ ಕಣ್ಣೆದುರು ಸಿದ್ಧಿಸುವುದು ಎಲ್ಲರ ಬಾಳಿನಲ್ಲಿ ಆಗುವಂಥದಲ್ಲ.

ನಿಜ ಹೇಳಬೇಕೆಂದರೆ ನನಗೂ ಕಾಫಿ ಬೇಕಿತ್ತು. ಅರ್ಧ ಎದ್ದೂ ಇದ್ದೆ. ಆದರೆ ನಾನು ಹೋದರೆ ಐದು. ಮನೆ: ಮ ಐದು, ನ ಸೊನ್ನೆ. ಐದಕ್ಕೆ ಇಳಿದರೆ ಎಲ್ಲರಿಗೂ ಮನೆಯೇ. ಕೂತೆ. ಮೃದಂಗದ ಹುಡುಗ ಎದುರಿಗೆ ತಾಳ ಹಾಕುವ ಕೈ ಹುಡುಕುತ್ತಿದ್ದ. ಪ್ರತಿ ಕಚೇರಿಗೂ ತೊಡೆ ತಟ್ಟುವ ತಾಳದ ಮಾಮ ಕಾಫಿಗೆ ಹೋದವರಲ್ಲಿ ಒಬ್ಬರು. ಹಿರಿಯರು ನಿದ್ದೆಯಲ್ಲಿದ್ದರು. ತಾಯಿ ಫೋನಿನಲ್ಲಿ ಮಗಳನ್ನು ಚಿತ್ರಿಸುತ್ತಿದ್ದರು. ಉಳಿದದ್ದು ನನ್ನ ಕೈ. ಕುರ್ಚಿ ಎಣಿಸಿ ಪಳಗಿದ ಕೈ, ತಾಳ ಎಣಿಸಿ ಅಲ್ಲ. ಹಾಕಿದೆ. ಮೂರನೇ ಆವರ್ತದಲ್ಲಿ ಬೆರಳು ತಪ್ಪಿತು, ಹುಡುಗ ನೋಡಿ ಮುಖ ತಿರುಗಿಸಿಕೊಂಡ. ಗಾಯಕಿ ಅದನ್ನು ಕಂಡಿರಬೇಕು. ಅಷ್ಟು ಹೊತ್ತು ಮಡಿಲಿನಲ್ಲಿ ತಾಳ ಹಾಕುತ್ತಿದ್ದವರು ಕೈಯನ್ನು ಒಂದು ಗೇಣು ಮೇಲೆತ್ತಿ, ಸೋಫಾ ದಾಟಿ, ಮೂರು ಖಾಲಿ ಸಾಲು ದಾಟಿ ನನಗೆ ಕಾಣುವ ಹಾಗೆ ಹಾಕತೊಡಗಿದರು.