ಮಧ್ಯವರ್ತಿ ಬೇಡದ ಭಾವ

ಮಲವಗೊಪ್ಪದ ನಮ್ಮ ಭಾವನಿಗೆ ಮಧ್ಯವರ್ತಿಗಳೆಂದರೆ ಆಗುವುದಿಲ್ಲ. ಅಡಿಕೆ ದಲ್ಲಾಳಿ, ಮದುವೆ ದಲ್ಲಾಳಿ, ಪಂಪಿನ ಸ್ಟಾರ್ಟರ್, ಫ್ರಿಜ್ಜಿನ ಸ್ಟೆಬಿಲೈಸರ್ ಎಲ್ಲವೂ ಅವರ ಲೆಕ್ಕದಲ್ಲಿ ಒಂದೇ ಪಟ್ಟಿ. ಫ್ಯೂಸ್ ಹೋದರೆ ದಪ್ಪ ತಾಮ್ರದ ತಂತಿ ಸುತ್ತಿ, "ಇನ್ನು ಜನ್ಮದಲ್ಲಿ ಹೋಗಲ್ಲ" ಎನ್ನುತ್ತಾರೆ. ನಿಜ, ಫ್ಯೂಸ್ ಹೋಗುವುದಿಲ್ಲ, ಮಿಕ್ಸಿ ಹೋಗುತ್ತದೆ. ಸರ್ಕಾರಿ ಕಚೇರಿಯಲ್ಲೂ ಗುಮಾಸ್ತರ ಮೇಜು ದಾಟಿ ಸೀದಾ ಸಾಹೇಬರ ಕೋಣೆಗೆ ನುಗ್ಗುತ್ತಾರೆ. ಅಷ್ಟೇ ಸೀದಾ ಹೊರಗೂ ಬರುತ್ತಾರೆ.

ಇಂಥವರ ಕಣ್ಣಿಗೆ ನನ್ನ ರಾಸ್ಪ್‌ಬೆರಿ ಪೈ ಬಿತ್ತು. ಅಂಗೈಯಗಲದ ಕಂಪ್ಯೂಟರ್ ಅದು. ಮಕ್ಕಳು ಕಲಿಯಲೆಂದು ಬ್ರಿಟನ್ನಿನವರು 2012ರಲ್ಲಿ ಹೊರತಂದದ್ದು. ಆಡುತ್ತಿರುವವರು ನನ್ನಂಥ ತಲೆ ನರೆತವರು. ಅಡಿಕೆ ಚೀಲದ ತೂಕ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತಾನಾಗಿ ಅದರೊಳಗೆ ದಾಖಲಾದರೆ ಮಂಡಿಯಲ್ಲಿ ವಾದ ಹೂಡಬಹುದೆಂಬುದು ಭಾವನ ಹಂಚಿಕೆ. ತಕ್ಕಡಿಯ ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು.

"ಭಾವ, ನಡುವೆ ಒಂದು ಮ್ಯಾಕ್ಸ್ 3232 ಹಾಕಬೇಕು."

"ಯಾರೋ ಅವನು?"

ವಿವರಿಸಿದೆ. ಪೈನ ಪಿನ್ನು 3.3 ವೋಲ್ಟಿಗಿಂತ ಹೆಚ್ಚು ತಾಳದು. ಪೋರ್ಟಿನದು 1960ರಲ್ಲಿ ಹುಟ್ಟಿದ ಆರ್‌ಎಸ್-232 ಪದ್ಧತಿ. ಅಲ್ಲಿ ಸೊನ್ನೆಯೆಂದರೆ ಪ್ಲಸ್ 3ರಿಂದ 15 ವೋಲ್ಟ್, ಒಂದೆಂದರೆ ಅಷ್ಟೇ ಮೈನಸ್. ಏನೂ ಕಳಿಸದೆ ಸುಮ್ಮನಿದ್ದಾಗಲೂ ಅದು ಮೈನಸ್ಸಿನಲ್ಲೇ ಇರುತ್ತದೆ, ನಮ್ಮ ಕೆಲವು ನೆಂಟರಂತೆ. ಅದನ್ನು ತಗ್ಗಿಸಿ, ತಿರುಗಿಸಿ ಪೈಗೆ ಮುಟ್ಟಿಸುವುದೇ ಆ ಚಿಪ್ಪಿನ ಕೆಲಸ.

"ಎರಡೂ ಮಾತಾಡೋದು ಸೊನ್ನೆ, ಒಂದು ತಾನೇ? ಡೈರೆಕ್ಟ್ ಕೊಡೋ ಮಾರಾಯ!"

ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ 440 ವೋಲ್ಟಿನ ಮೋಟಾರುಗಳೊಂದಿಗೆ ಏಗಿ ನಿವೃತ್ತರಾದವರು. ಹತ್ತು ಹನ್ನೆರಡು ವೋಲ್ಟು ಅವರಿಗೆ ವೋಲ್ಟೇ ಅಲ್ಲ. ಅಕ್ಕ ಕೊಟ್ಟ ಕಾಫಿ ಮುಗಿಸಿ ನಾನು ಬರುವಷ್ಟರಲ್ಲಿ ಮೂರು ತಂತಿ ಸೇರಿಸಿಬಿಟ್ಟಿದ್ದರು. ಪೈನ ಕೆಂಪು ದೀಪ ಉರಿಯುತ್ತಿತ್ತು, ಹಸಿರು ಮಿನುಗಲೇ ಇಲ್ಲ. ಮುಟ್ಟಿದರೆ ಚಿಪ್ಪು ಸುಡುತ್ತಿತ್ತು.

"ಚೈನಾ ಮಾಲು," ಭಾವ ತೀರ್ಪು ಕೊಟ್ಟರು. 'ಮೇಡ್ ಇನ್ ಯುಕೆ' ಎಂದು ಅದರ ಮೈಮೇಲೇ ಅಚ್ಚಾಗಿತ್ತು.

ಬೈಯಬೇಕೆನಿಸಿತು, ಬಾಯಿ ಬರಲಿಲ್ಲ. ಅಪ್ಪನಿಗೂ ಚಿಕ್ಕಪ್ಪನಿಗೂ ತೋಟದ ಪಾಲಿನಲ್ಲಿ ಮಾತು ಬಿಟ್ಟುಹೋದಾಗ ಮಲವಗೊಪ್ಪಕ್ಕೂ ನಿದಿಗೆಗೂ ಲೂನಾ ಓಡಿಸಿದವರು ಇದೇ ಭಾವ. ಅಪ್ಪ ಬೈದದ್ದನ್ನು ಅಲ್ಲಿ ಅರ್ಧಕ್ಕಿಳಿಸಿ, ಚಿಕ್ಕಪ್ಪ ಕೂಗಾಡಿದ್ದನ್ನು ಇಲ್ಲಿ ಮಗುಚಿ ಹಾಕಿ, ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ನಡುವೆ ನಿಂತವನಿಗೆ ಎರಡೂ ಕಡೆಯ ಏಟು. ರಾಜಿಯಾದ ಮೇಲೆ ಅವನ ನೆನಪು ಯಾರಿಗೂ ಇರುವುದಿಲ್ಲ. ಅಂಥವರು ಕಡಿಮೆಯಾಗಿ, ಈಗ ಅಣ್ಣತಮ್ಮಂದಿರು ನೇರವಾಗಿ ವಕೀಲರ ಮೂಲಕವೇ ಮಾತಾಡುತ್ತಾರೆ.

ಇಷ್ಟನ್ನೂ ಭಾವನೆದುರು ಬಿಡಿಸಿ ಹೇಳಿ, ಹೊಸ ಪೈ ಜೊತೆ ತರಿಸಿದ ಮ್ಯಾಕ್ಸ್ 3232 ತೋರಿಸಿದೆ. ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಇವನ ಕಮಿಷನ್ ಎಷ್ಟೋ?"